ಬಕ್ಕಪ್ಪನ ಹೆಪ್ಪು

"ಇವತ್ತಿಂದ ಈ ಮನೇಲಿ ಅಂಜುಬುರುಕ ಅನ್ನೋರು ಯಾರೂ ಇರಲ್ಲ!" ಎಂದು ಸಾರುತ್ತಾ ನಮ್ಮ ಮನೆಯವರು ಬಚ್ಚಲ ಪಕ್ಕದ ಪ್ರಯೋಗಶಾಲೆಯಿಂದ ಹೊರಗೆ ಬಂದರು. ಅವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಅದು ನನ್ನ ಸೊಂಟನೋವಿಗೆ ಡಾಕ್ಟರು ಕೊಟ್ಟ ಬೆಲ್ಟು ಎಂದು ಗುರುತಿಸುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದಕ್ಕೆ ಬಿ.ಪಿ. ನೋಡುವ ರಬ್ಬರ್ ಬುಡ್ಡೆ, ಒಂದು ಹಸಿರು ಬಲ್ಬು, ಕೆಟ್ಟ ರೇಡಿಯೊದ ಸ್ಪೀಕರು ಮತ್ತು ನಾನು ಹಿಂದಿನ ದಿನದಿಂದ ಹುಡುಕುತ್ತಿದ್ದ ಹೆಪ್ಪಿನ ಸ್ಟೀಲ್ ಡಬ್ಬಿ ಅಂಟಿಕೊಂಡಿದ್ದವು.

ನಮ್ಮ ಮನೆಯವರು, ಎಂದರೆ ಮಹಾರುದ್ರಪ್ಪನವರು, ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಗಿರಣಿ ಮುಚ್ಚಿತು, ಇವರ ತಲೆ ತೆರೆಯಿತು. ಅಂದಿನಿಂದ ಕಂಡುಹಿಡಿಯುತ್ತಲೇ ಇದ್ದಾರೆ. ಚಪಾತಿಯನ್ನು ತಾನಾಗಿ ಮಗುಚುವ ಯಂತ್ರದ ಮೊದಲ ಚಪಾತಿ ಈಗಲೂ ಪಕ್ಕದ ಮನೆ ಗೌರಕ್ಕನ ಡಿಶ್ ಆಂಟೆನಾದ ಮೇಲಿದೆ. ಅದು ಬಿದ್ದ ಮೇಲೆ ಚಾನೆಲ್ಲುಗಳು ಸ್ಪಷ್ಟವಾಗಿ ಬರುತ್ತವೆ ಎಂದು ಗೌರಕ್ಕ ತೆಗೆಸಿಲ್ಲ.

ಈ ಸಲದ ಯಂತ್ರ ನನ್ನ ತಮ್ಮ ತಿಪ್ಪೇಶಿಗಾಗಿ. ಅವ್ವ ಹೋದ ಮೇಲೆ ಅವನು ನಮ್ಮ ಜೊತೆಗೇ ಇದ್ದಾನೆ. ಹತ್ತಿಬೀಜದ ಸೊಸೈಟಿಯಲ್ಲಿ ಕೆಲಸ. ಚಿನ್ನದಂಥ ಹುಡುಗ, ಆದರೆ ಬಾಯಿಗೆ ಬೀಗ. ಸಿಟಿ ಬಸ್ಸಿನಲ್ಲಿ "ನಿಲ್ಸಿ" ಎನ್ನಲು ಸಂಕೋಚಪಟ್ಟು ಕೊನೆಯ ಸ್ಟಾಪಿಗೆ ಹೋಗಿ, ಅಲ್ಲಿಂದ ನಡೆದುಕೊಂಡು ವಾಪಸು ಬರುತ್ತಾನೆ. ವಾಕಿಂಗ್ ಆಯಿತಲ್ಲ ಅಕ್ಕ ಎನ್ನುತ್ತಾನೆ.

ಅದೇ ಸೊಸೈಟಿಯಲ್ಲಿ ಸೌಭಾಗ್ಯ ಎಂಬ ಹುಡುಗಿ ಇದ್ದಾಳೆ. ಇವನ ಕಡೆ ಅವಳು, ಅವಳ ಕಡೆ ಇವನು ನೋಡಿಕೊಳ್ಳುತ್ತಾ ಎಷ್ಟೋ ಕಾಲವಾಗಿತ್ತು. ಬುಧವಾರ ಅವಳೇ ಬಾಯಿಬಿಟ್ಟಳಂತೆ. "ಭಾನುವಾರ ಹನ್ನೊಂದಕ್ಕೆ ರಾಣೆಬೆನ್ನೂರಿನೋರು ನನ್ನ ನೋಡಾಕೆ ಬರ್ತಾರೆ. ನಿಮಗೆ ಮನಸಿದ್ರೆ ಅವತ್ತೇ ಬಂದು ನಮ್ಮವ್ವನ ಹತ್ರ ಕೇಳ್ರಿ. ಶಾವಿಗೆ ಹಾಲಮ್ಮನ ಮನೆ ಅಂದ್ರೆ ನಿಟ್ಟುವಳ್ಳೀಲಿ ಯಾರಾದ್ರೂ ತೋರಿಸ್ತಾರೆ."

"ನಾನೇ ಹೋಗಿ ಕೇಳ್ತೀನಿ ಬಿಡೋ," ಎಂದೆ ನಾನು.

"ಅದನ್ನೂ ಹೇಳಿದಾಳೆ ಅಕ್ಕ. ನಿಮ್ಮಕ್ಕನ್ನ ಕಳಿಸಬ್ಯಾಡ್ರಿ, ನಾನು ನಿಮ್ಮಕ್ಕನ್ನ ಮದುವೆ ಆಗ್ತಿಲ್ಲ ಅಂದ್ಲು."

ಹುಡುಗಿ ನನಗೆ ಆಗಲೇ ಹಿಡಿಸಿದಳು. ಅವಳು ಕೈತಪ್ಪಿದರೆ ಇವನು ಜನ್ಮಪೂರ್ತಿ ಕೊನೆಯ ಸ್ಟಾಪಿನಿಂದ ನಡೆದುಕೊಂಡೇ ಬರುತ್ತಾನೆ.

ಆತ್ಮವಿಶ್ವಾಸ ಬೆಳೆಸುವ ಪುಸ್ತಕವೊಂದನ್ನು ನಮ್ಮ ಮನೆಯವರು ಮೊದಲೇ ತಂದುಕೊಟ್ಟಿದ್ದರು. ಎದ್ದ ಕೂಡಲೇ ಹಾಸಿಗೆ ಮಡಿಸು, ಊಟದಲ್ಲಿ ನಿನ್ನ ಅಭಿಪ್ರಾಯ ಹೇಳು, ದಿನಕ್ಕೊಬ್ಬ ಅಪರಿಚಿತನನ್ನು ಮಾತಾಡಿಸು, ಕನ್ನಡಿ ಮುಂದೆ ನಿಂತು 'ನಾನು ಸಿಂಹ' ಎನ್ನು. ತಿಪ್ಪೇಶಿ ಹಾಸಿಗೆಯನ್ನು ಚೆನ್ನಾಗಿಯೇ ಮಡಿಸುತ್ತಿದ್ದ. ಕನ್ನಡಿ ಮುಂದೆ ಭಾವ ಗಡ್ಡ ಕೆರೆಯುತ್ತಿದ್ದುದರಿಂದ 'ನಾನು ಆಮೇಲೆ ಬರ್ತೀನಿ' ಎಂದು ವಾಪಸು ಬಂದ. ಅಪರಿಚಿತರ ಅಭ್ಯಾಸ ಶುರುವೇ ಆಗಲಿಲ್ಲ.

"ಅಭ್ಯಾಸ ಅಂದ್ರೆ ವರ್ಷಗಟ್ಟಲೆ ಬೇಕು. ನಮಗಿರೋದು ಭಾನುವಾರದ ತನಕ," ಎಂದು ಮನೆಯವರು ಗುರುವಾರ ಬೆಳಿಗ್ಗೆ ಅಂಗಳದಲ್ಲಿ ತಮ್ಮನ ಸೊಂಟಕ್ಕೆ ಪಟ್ಟಿ ಕಟ್ಟಿದರು. ಗೌರಕ್ಕ ಪ್ರದರ್ಶನ ನೋಡಲು ಸ್ಟೂಲು ತಂದುಕೊಂಡು ಕುಂತಿದ್ದಳು. "ನೋಡ್ರಿ, ಬರೀ ಹಾಲಿಟ್ರೆ ಮೊಸರು ಆಗ್ತೈತಾ? ಹೆಪ್ಪು ಬೇಕು. ಹಂಗೇ ಧೈರ್ಯಕ್ಕೂ ಹೆಪ್ಪು ಬೇಕು. ಒಬ್ಬ ಮಹಾ ಧೈರ್ಯವಂತನ ಮಿದುಳಿನ ಅಲೆ ಹಿಡಿದು ಈ ಡಬ್ಬೀಲಿ ಇಟ್ಟೀನಿ. ಇವನಿಗೆ ಅಂಜಿಕೆ ಬಂದ ತಕ್ಷಣ ಪಟ್ಟಿ ಬಿಗೀತೈತೆ, ಹೆಪ್ಪು ಒಳಗೆ ಇಳೀತೈತೆ."

ಬುಡ್ಡೆ ಒತ್ತಿದರು. ತಿಪ್ಪೇಶಿ ಒಮ್ಮೆ ಬಿಕ್ಕಳಿಸಿದ. ಬೆನ್ನು ನೆಟ್ಟಗಾಯಿತು. ಹಸಿರು ದೀಪ ಹೊತ್ತಿತು. ಸ್ಪೀಕರಿನಿಂದ ನಮ್ಮ ಮನೆಯವರದೇ ಗಂಟಲಿನಲ್ಲಿ "ಭೇಷ್!" ಎಂದು ಬಂತು. ಊರಲ್ಲಿ ಬೇರೆ ಯಾರೂ ತಮಗೆ ಆ ಮಾತು ಹೇಳುವುದಿಲ್ಲ ಎಂದು ತಾವೇ ರೆಕಾರ್ಡ್ ಮಾಡಿಟ್ಟಿದ್ದರೋ ಏನೋ.

"ಅಕ್ಕ, ನಿನ್ನೆ ಸಾರಿಗೆ ಉಪ್ಪು ಕಮ್ಮಿ ಆಗಿತ್ತು," ಎಂದ ತಿಪ್ಪೇಶಿ.

ಭೇಷ್! ಎಂದಿತು ಸೊಂಟ.

ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಹತ್ತು ವರ್ಷದಿಂದ ಹಾಕಿದ್ದನ್ನು ತಿಂದು ಎದ್ದು ಹೋಗುತ್ತಿದ್ದ ಹುಡುಗ. ಅಷ್ಟರಲ್ಲಿ ಸೈಕಲ್ಲಿನವನೊಬ್ಬ ಗೇಟಿನ ಹತ್ತಿರ ನಿಂತು, ಇಲ್ಲಿ ಹೋಮಿಯೋಪತಿ ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿದ. ಮಾಮೂಲಾಗಿದ್ದರೆ ತಿಪ್ಪೇಶಿ ಬಾಗಿಲ ಹಿಂದೆ ಸೇರಬೇಕಿತ್ತು. ಈಗ ಗೇಟಿಗೆ ಹೋಗಿ, ತೋಳು ಪೂರ್ತಿ ಚಾಚಿ, "ಸೀದಾ ಹೋಗ್ರಿ, ದೊಡ್ಡ ಬೇವಿನ ಮರ ಬರ್ತೈತೆ, ಅಲ್ಲಿ ಎಡಕ್ಕೆ ಹೊಳ್ಳಿದ್ರೆ ಎರಡನೇ ಬಿಲ್ಡಿಂಗು," ಎಂದ. ಸೈಕಲ್ಲಿನವನು ಕೈಮುಗಿದು ಹೋದ. ಗೌರಕ್ಕ ಚಪ್ಪಾಳೆ ತಟ್ಟಿದಳು. ಮನೆಯವರು ತಮ್ಮ ಮೀಸೆಯನ್ನು ತಾವೇ ನೇವರಿಸಿಕೊಂಡರು.

"ನಿನಗೆ ಆ ಡಾಕ್ಟರು ಗೊತ್ತೇನೋ?" ಎಂದೆ.

"ಇಲ್ಲ," ಎಂದ ತಮ್ಮ ನಿರುಮ್ಮಳವಾಗಿ.

ಸೈಕಲ್ಲಿನವನು ಮಧ್ಯಾಹ್ನ ವಾಪಸು ಬಂದ. ಅವನ ಕೈಯಲ್ಲಿ ಹುಣಸೆಬೀಜದ ಗಾತ್ರದ ಗುಳಿಗೆಗಳಿದ್ದವು. ಬೇವಿನ ಮರದ ಎಡಕ್ಕೆ ದನದ ಆಸ್ಪತ್ರೆ ಇದೆಯಂತೆ. ನಾನು ಒಳಗೆ ಹೋಗಿ ಗಂಡನ ಮುಂದೆ ನಿಂತೆ.

"ಯಾರ ಹೆಪ್ಪು ಹಾಕಿದ್ರಿ ಹೇಳ್ರಿ."

"ಈ ಊರಾಗೆ ಅತಿ ದೊಡ್ಡ ಆತ್ಮವಿಶ್ವಾಸ ಇರೋ ಮನುಷ್ಯನದ್ದು."

"ಅದೇ, ಯಾರು?"

"ದಾರಿ ಬಕ್ಕಪ್ಪ," ಎಂದರು, ನನ್ನ ಮುಖ ನೋಡದೆ.

ದಾರಿ ಬಕ್ಕಪ್ಪನೆಂದರೆ ಹಳೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿಳಿ ಶರಟು ಹಾಕಿಕೊಂಡು ಕೂರುವ ಮನುಷ್ಯ. ಊರಿಗೆ ಹೊಸದಾಗಿ ಬಂದವರೆಲ್ಲ ಅವನನ್ನೇ ದಾರಿ ಕೇಳುತ್ತಾರೆ, ಏಕೆಂದರೆ ಅವನು ಹಾಗೆ ಕಾಣುತ್ತಾನೆ. ಅವನು ಇಂದಿನವರೆಗೆ ಯಾರಿಗೂ ಗೊತ್ತಿಲ್ಲ ಎಂದಿಲ್ಲ. ಊರಲ್ಲಿ ಇಲ್ಲದ ವಿಳಾಸಕ್ಕೂ ದಾರಿ ಹೇಳುತ್ತಾನೆ. ಯಾರೋ ಒಬ್ಬ ಹುಬ್ಬಳ್ಳಿಯಲ್ಲಿರುವ ಮನೆಯೊಂದರ ನಂಬರು ಕೇಳಿದರೆ ಅವನನ್ನು ಮಾರ್ಕೆಟ್ಟಿನ ಹಿಂದಕ್ಕೆ ಕಳಿಸಿದ್ದನಂತೆ. ನಮ್ಮಲ್ಲಿ ಗೊತ್ತಿಲ್ಲ ಎನ್ನುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ ಎಲ್ಲರಿಗೂ ಸ್ವಲ್ಪ ಉಂಟು. ಬಕ್ಕಪ್ಪನಿಗೆ ಅದೇ ಪೂರ್ಣಾವಧಿ ಉದ್ಯೋಗ.

"ಎರಡು ಪ್ಲೇಟು ಮಿರ್ಚಿ ಮಂಡಕ್ಕಿ ಕೊಡಿಸಿ, ಬಿ.ಪಿ. ನೋಡ್ತೀನಿ ಅಂತ ಪಟ್ಟಿ ಕಟ್ಟಿದೆ," ಎಂದು ಮನೆಯವರು ಹೆಮ್ಮೆಯಿಂದ ಹೇಳಿದರು. "ಮೀಟರಿನ ಮುಳ್ಳು ತುದಿಗೆ ಹೋಗಿ ಮುರೀತು ನೋಡು!"

"ಹೆಪ್ಪು ಹುಳಿಯಾಗಿದ್ರೆ ಮೊಸರೂ ಹುಳೀನೇ. ಇಪ್ಪತ್ತೈದು ವರ್ಷ ನನ್ನ ಕೈ ಮೊಸರು ತಿಂದೂ ಅಷ್ಟು ತಿಳೀಲಿಲ್ವಾ? ಮೊದಲು ಆ ಪಟ್ಟಿ ಬಿಚ್ಚಿಸ್ರಿ."

"ಹೆಪ್ಪು ಹಾಕಿದ ಪಾತ್ರೆ ಅಲುಗಾಡಿಸಬಾರದು ಅಂತ ನೀನೇ ಹೇಳ್ತೀಯಲ್ಲ. ಭಾನುವಾರದ ತನಕ ಮುಟ್ಟಂಗಿಲ್ಲ."

ನನ್ನ ಮಾತನ್ನು ಅವರು ಅಪರೂಪಕ್ಕೆ ನೆನಪಿಟ್ಟುಕೊಳ್ಳುವುದು ಇಂಥ ಹೊತ್ತಿನಲ್ಲೇ.

ಶುಕ್ರವಾರ ತಿಪ್ಪೇಶಿ ಬಸ್ಸಿನಲ್ಲಿ ಮೊಟ್ಟಮೊದಲ ಸಲ "ನಿಲ್ಸಿ" ಎಂದು ಕೂಗಿದ. ಪುಸ್ತಕದ ಪ್ರಕಾರ ಅದು ದೊಡ್ಡ ಬೆಳವಣಿಗೆ. ಆದರೆ ತಾನೊಬ್ಬನೇ ಇಳಿಯಲಿಲ್ಲ. "ನಿಮ್ಮ ಸ್ಟಾಪೂ ಇದೇ, ಇಳೀರಿ" ಎಂದು ಅರ್ಧ ಬಸ್ಸನ್ನು ಇಳಿಸಿಬಿಟ್ಟ. ಸುತ್ತ ಬರೀ ಮೆಕ್ಕೆಜೋಳದ ಹೊಲ. ಸೊಂಟ ಭೇಷ್ ಭೇಷ್ ಎನ್ನುತ್ತಿದ್ದರೆ ಜನ ಅದನ್ನು ಸರ್ಕಾರದ್ದೇನೋ ಹೊಸ ವ್ಯವಸ್ಥೆ ಎಂದು ನಂಬಿ ಇಳಿದರಂತೆ.

ಶನಿವಾರ ಶಾಮಿಯಾನದ ಲಾರಿಯವನು ಮದುವೆ ಮನೆ ಯಾವುದು ಎಂದು ಇವನನ್ನು ಕೇಳಿದ. ಇವನು ಗೌರಕ್ಕನ ಮನೆ ತೋರಿಸಿದ. ಗೌರಕ್ಕ ಮಾರ್ಕೆಟ್ಟಿಗೆ ಹೋಗಿದ್ದಳು. ಬರುವಷ್ಟರಲ್ಲಿ ಅವಳ ಬಾಗಿಲಿಗೆ ಬಾಳೆಕಂಬ, ಬೀದಿ ತುಂಬ ಕುರ್ಚಿ. ಬೀದಿಯವರು ನಮಗೊಂದು ಮಾತೂ ಹೇಳಲಿಲ್ಲವಲ್ಲ ಎಂದು ಮುನಿಸಿಕೊಂಡೇ ಉಡುಗೊರೆ ಹಿಡಿದು ಬಂದರು. ಗಂಡಿಲ್ಲ ಹೆಣ್ಣಿಲ್ಲ ಎಂದು ವಿವರಿಸಿ ವಿವರಿಸಿ ಸುಸ್ತಾಗಿ ಗೌರಕ್ಕ ಕೊನೆಗೆ ತಾನೇ ವೇದಿಕೆ ಹತ್ತಿ ಕೂತು, ಒಂದು ಸ್ಟೀಲ್ ಕೊಡಪಾನ ಸ್ವೀಕರಿಸಿದಳು.

ಇಷ್ಟಾದರೂ ನಾನು ಸಹಿಸಿಕೊಂಡೆ. ಕಾರಣ, ತಿಪ್ಪೇಶಿ ಸೊಸೈಟಿಯಿಂದ ತಂದ ಸುದ್ದಿ.

"ಅಕ್ಕ, ಇವತ್ತು ಸೌಭಾಗ್ಯ ನನ್ನ ಮಾತು ಕೇಳಿ ದಂಗಾಗಿಬಿಟ್ಲು. ನೀವು ಈಗೀಗ ಥೇಟ್ ನಮ್ಮಪ್ಪನ ಥರಾನೇ ಮಾತಾಡ್ತೀರಿ ಅಂದ್ಲು."

"ನೋಡಿದ್ಯಾ!" ಎಂದು ಮನೆಯವರು ನನ್ನ ಕಡೆ ತಿರುಗಿದರು. ಹೆಣ್ಣುಮಕ್ಕಳಿಗೆ ಅಪ್ಪನ ಮೇಲೆ ಪ್ರೀತಿ ಜಾಸ್ತಿ, ಇದು ಒಳ್ಳೆಯ ಲಕ್ಷಣ ಎಂದು ನಾನೂ ಅಂದುಕೊಂಡೆ. ನನ್ನ ಬುದ್ಧಿಗೂ ಆ ಡಬ್ಬಿಯ ಗಾಳಿ ಸೋಕಿತ್ತೋ ಏನೋ.

ಭಾನುವಾರ ನಾನು ರೇಷ್ಮೆ ಸೀರೆ ಉಟ್ಟೆ, ಮನೆಯವರು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು. ತಿಪ್ಪೇಶಿ ಇಸ್ತ್ರಿ ಶರಟಿನ ಒಳಗೆ ಪಟ್ಟಿ ಬಿಗಿದು ಮುಂದೆ ಮುಂದೆ ನಡೆದ. ಸರ್ಕಲ್ಲಿನಲ್ಲಿ ಒಂದು ಟೆಂಪೊ ಟ್ರಾವೆಲರ್ ನಮ್ಮ ಪಕ್ಕವೇ ಬಂದು ನಿಂತಿತು. ಒಳಗೆ ಜರಿ ಪಂಚೆಗಳು, ಹಣ್ಣಿನ ಬುಟ್ಟಿ, ನಡುವೆ ಸೆಂಟು ಹಾಕಿಕೊಂಡ ಒಬ್ಬ ಹುಡುಗ.

"ಸ್ವಾಮೇರ, ಶಾವಿಗೆ ಹಾಲಮ್ಮನವ್ರ ಮನಿ ಎಲ್ಲೈತ್ರಿ?" ಎಂದು ಮುಂದಿನ ಸೀಟಿನ ಹಿರಿಯರು ಕೇಳಿದರು. "ಹುಡುಗಿ ಅಪ್ಪ ಫೋನಿನ್ಯಾಗ ಹೇಳಿದಂಗ ಬಂದ್ವಿ, ಕೆರಿ ನೀರಾಗ ಇಳಿಯೋದೊಂದು ಬಾಕಿ ಇತ್ತು."

ಇವರೇ ರಾಣೆಬೆನ್ನೂರಿನವರು. ತಿಪ್ಪೇಶಿಗೆ ಅದು ಹೊಳೆಯಲೇ ಇಲ್ಲ. ಯಾರೋ ದಾರಿ ಕೇಳಿದರು ಎಂಬುದಷ್ಟೇ ಅವನಿಗೆ ಆನಂದ. ತೋಳು ಎದ್ದಿತು. "ಸೀದಾ ಹೋಗಿ ರೈಲ್ವೆ ಗೇಟು ದಾಟ್ರಿ. ಬಲಕ್ಕೆ ಹೊಳ್ಳಿ, ಹೊಗೆ ಕಾಣೋ ತನಕ ಹೋಗ್ರಿ. ಅಲ್ಲೇ ಮೊದಲ್ನೇ ಬಾಗಿಲು."

ಟ್ರಾವೆಲರ್ ಧೂಳೆಬ್ಬಿಸಿಕೊಂಡು ಹೋಯಿತು. ಇವನು ಹೇಳಿದ ದಾರಿಯಲ್ಲಿ ಹೋದವರು ಯಾರೂ ಗುರಿ ಮುಟ್ಟುವುದಿಲ್ಲ ಎಂಬುದು ಸಾಬೀತಾಗಿತ್ತಲ್ಲ, ನಾನು ಮನಸ್ಸಿನಲ್ಲೇ ದೇವರಿಗೆ ಕಾಯಿ ಹರಕೆ ಹೊತ್ತೆ. ಪಾಪವೇ, ಆದರೆ ಪರರ ಹುಡುಗ ಪರರ ಹುಡುಗನೇ. ತಿರುಗಿ ನೋಡಿದರೆ ನನ್ನ ತಮ್ಮನೂ ರೈಲ್ವೆ ಗೇಟಿನ ಕಡೆಗೇ ಹೊರಟಿದ್ದ.

"ಏಯ್, ಎಲ್ಲಿಗೋ?"

"ಹಾಲಮ್ಮನ ಮನೆಗೆ. ಈಗ ತಾನೇ ದಾರಿ ಹೇಳಿದ್ನಲ್ಲ."

"ನೀನು ಹೇಳಿದ್ದು ಸುಳ್ಳು ದಾರಿ ಕಣೋ! ಯಾರನ್ನಾದ್ರೂ ಕೇಳೋಣ ತಡಿ."

"ಗೊತ್ತಿರೋದನ್ನ ಯಾರಾದ್ರೂ ಕೇಳ್ತಾರಾ?" ಎಂದ. ಭೇಷ್! ಎಂದಿತು ಪಟ್ಟಿ. ಬಾಯಿ ಬಿಡಬೇಕಾದವನು ಅವನು, ಅವನನ್ನು ಬಿಟ್ಟು ನಾನು ಹೋಗಿ ಮಾಡುವುದೇನು? ಸೀರೆಯ ನೆರಿಗೆ ಎತ್ತಿಕೊಂಡು ಹಿಂದೆ ನಡೆದೆ.

ಹೊಗೆ ಕಂಡಿತು. ಅದು ಮಂಡಕ್ಕಿ ಭಟ್ಟಿ. ಒಲೆಗಳು ಉರಿಯುತ್ತಿದ್ದವು, ಕಾದ ಮರಳಿನಲ್ಲಿ ಅಕ್ಕಿ ಸಿಡಿದು ಮಂಡಕ್ಕಿಯಾಗುತ್ತಿತ್ತು. ಬಾಗಿಲಲ್ಲಿ ಟ್ರಾವೆಲರ್ ನಿಂತಿತ್ತು. ಒಳಗೆ ರಾಣೆಬೆನ್ನೂರಿನವರು ಇದೇ ಹೆಣ್ಣಿನ ಮನೆ ಎಂದುಕೊಂಡು ಚೀಲಗಳ ಮೇಲೆ ಸಾಲಾಗಿ ಕೂತು ಬಿಸಿ ಮಂಡಕ್ಕಿ ತಿನ್ನುತ್ತಿದ್ದರು. ಭಟ್ಟಿಯ ಯಜಮಾನ ಇಮಾಮ್ ಸಾಬರು ಇವರು ಮದುವೆ ಮನೆಯ ದೊಡ್ಡ ಗಿರಾಕಿಗಳು ಎಂದುಕೊಂಡು ಕೈಕಟ್ಟಿ ನಿಂತಿದ್ದರು.

"ಎಷ್ಟು ಚೀಲ ಬೇಕಾಗಬಹುದು ಯಜಮಾನ್ರೇ?"

"ನಾವೇನೂ ಕೇಳಾಂಗಿಲ್ರಿ. ನಿಮ್ಮ ಮನಸಿಗೆ ಬಂದಷ್ಟು ಕೊಡ್ರಿ," ಎಂದರು ಗಂಡಿನ ತಂದೆ ಬಹಳ ಉದಾರವಾಗಿ.

ತಿಪ್ಪೇಶಿ ಸೀದಾ ಒಳಗೆ ನುಗ್ಗಿ, ಒಲೆಯ ಮುಂದೆ ಇಮಾಮ್ ಸಾಬರಿಗೆ ಎದುರಾಗಿ ನಿಂತು, "ಹಾಲಮ್ಮನೋರೇ, ನಿಮ್ಮ ಮಗಳನ್ನ ನನಗೆ ಕೊಡ್ರಿ," ಎಂದ. ಇಮಾಮ್ ಸಾಬರು ತಮ್ಮ ಬಿಳಿ ಗಡ್ಡ ಮುಟ್ಟಿ ನೋಡಿಕೊಂಡರು.

ಭಟ್ಟಿಯ ಕಾವಿಗೆ ಸೊಂಟದ ಡಬ್ಬಿ ಕುದಿಯತೊಡಗಿತ್ತು. ಕುಕ್ಕರಿನಂತೆ ಒಂದು ಸಿಳ್ಳು ಹಾಕಿತು. "ವಾಲ್ವು, ವಾಲ್ವು ಇಡೋದು ಮರೆತಿದ್ದೆ!" ಎಂದು ಮನೆಯವರು ಸ್ಕ್ರೂಡ್ರೈವರ್ ಹಿಡಿದು ಓಡಿದರು. ನಾನು ಸೀರೆಗೆ ಮಸಿ ಹತ್ತೀತೆಂದು ಹೊರಗೇ ಇದ್ದೆ, ಬದುಕಿಕೊಂಡೆ. ಡಬ್ಬಿ ಢಬ್ಬೆಂದು ಒಡೆದು, ಹುಳಿ ಮೊಸರಿನ ವಾಸನೆಯ ಆವಿ ಭಟ್ಟಿ ತುಂಬ ಹರಡಿತು. ಸ್ಪೀಕರು ಕೊನೆಯದಾಗಿ "ಭೇ..." ಎಂದು ಪ್ರಾಣ ಬಿಟ್ಟಿತು.

ಆವಿ ಆರಿದಾಗ ಒಳಗಿದ್ದ ಅಷ್ಟೂ ಜನ ತೋಳು ಚಾಚಿ ನಿಂತಿದ್ದರು. ಒಬ್ಬೊಬ್ಬರದು ಒಂದೊಂದು ದಿಕ್ಕು.

"ಹಾಲಮ್ಮನ ಮನಿ ಈ ಕಡಿಗೈತಿ," ಎಂದರು ಗಂಡಿನ ತಂದೆ.

"ಛೆ ಛೆ, ಆ ಕಡಿಗಿ," ಎಂದ ಮಗ.

"ನಾನು ಹೋಗಿ ಬಂದ ಮನಿ ಅದು, ಹತ್ರಿ," ಎಂದ ಇವತ್ತೇ ಈ ಊರು ನೋಡಿದ ಡ್ರೈವರು. ಎಲ್ಲರೂ ಹತ್ತಿದರು. ಇಮಾಮ್ ಸಾಬರೂ ದಾರಿ ತೋರಿಸಲು ಹತ್ತಹೋಗಿದ್ದರು, ಒಲೆಯ ಮೇಲೆ ಅಕ್ಕಿ ಸೀದ ವಾಸನೆ ಅವರನ್ನು ಉಳಿಸಿತು. ಟ್ರಾವೆಲರ್ ಬಾಣದಂತೆ ಹೋಯಿತು. ಆವಿ ನಮ್ಮ ಮನೆಯವರಿಗೂ ಬಡಿದಿತ್ತು. ಆದರೆ ಅವರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ತಿಪ್ಪೇಶಿ ಮಾತ್ರ ಬೆನ್ನು ಬಾಗಿಸಿಕೊಂಡು ನಿಂತಿದ್ದ. ಅವನೊಳಗಿನ ಬಕ್ಕಪ್ಪ ಪೂರ್ತಿ ಹೊರಗೆ ಹೋಗಿದ್ದ.

"ಅಕ್ಕ," ಎಂದ ಮೆಲ್ಲಗೆ. "ನಂಗೆ ದಾರಿ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಮನೆಗೆ ಹೋಗೋಣ್ವಾ?"

ಅವನು ಬೇಡ ಎಂದು ತಲೆಯಾಡಿಸಿದ. ಆಮೇಲೆ ರಸ್ತೆ ದಾಟಿ, ಸೊಪ್ಪು ಮಾರುತ್ತಿದ್ದ ಮುದುಕಿಯ ಮುಂದೆ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, ನಿಟ್ಟುವಳ್ಳಿಗೆ ಹೆಂಗೆ ಹೋಗಬೇಕು ಎಂದು ಕೇಳಿದ. ಪಟ್ಟಿ ಸತ್ತಿತ್ತು, ಭೇಷ್ ಎನ್ನುವವರು ಯಾರೂ ಇರಲಿಲ್ಲ. ನಾನೇ ಮನಸ್ಸಿನಲ್ಲಿ ಅಂದುಕೊಂಡೆ. ಮುಂದೆ ಆಟೋದವನನ್ನು ಕೇಳಿದ, ಕ್ಷೌರದಂಗಡಿಯವನನ್ನು ಕೇಳಿದ, ಒಬ್ಬರು ತಪ್ಪು ಹೇಳಿದಾಗ ಇನ್ನೊಬ್ಬರನ್ನು ಕೇಳಿದ. ಪಕ್ಕದಲ್ಲಿ ನಮ್ಮ ಮನೆಯವರು ತಾವಾಗಿಯೇ ದಾರಿ ಹೇಳುತ್ತಾ ಬರುತ್ತಿದ್ದರು. ಭಟ್ಟಿಯಲ್ಲಿ ಅವರು ಜೇಬಿಗೆ ತುಂಬಿಕೊಂಡಿದ್ದ ಮಂಡಕ್ಕಿಯನ್ನೇ ತೆಗೆದು ಅವರ ಬಾಯಿಗೆ ತುರುಕುತ್ತಾ ಬಂದೆ.

ಹಾಲಮ್ಮನ ಮನೆ ಮುಟ್ಟಿದಾಗ ಹೊತ್ತು ಮೀರಿತ್ತು. ಅಂಗಳದಲ್ಲಿ ಶಾವಿಗೆ ಒಣಗುತ್ತಿತ್ತು, ಒಳಗೆ ಉಪ್ಪಿಟ್ಟು ತಣ್ಣಗಾಗಿತ್ತು. ಹಾಲಮ್ಮ ಬಾಗಿಲಲ್ಲೇ ಇದ್ದರು. ಅವರ ಹಿಂದೆ ಕುರ್ಚಿಯಲ್ಲಿ, ಬಿಳಿ ಶರಟು ಹಾಕಿಕೊಂಡು ಕೂತಿದ್ದ ಹುಡುಗಿಯ ಅಪ್ಪನನ್ನು ನೋಡಿ ನಾನು ಮನೆಯವರ ತೋಳು ಚಿವುಟಿದೆ. ದಾರಿ ಬಕ್ಕಪ್ಪ!

"ನಾನೇ ಫೋನಲ್ಲಿ ಸರಿಯಾಗಿ ದಾರಿ ಹೇಳಿದೀನಿ," ಎನ್ನುತ್ತಿದ್ದ ಬಕ್ಕಪ್ಪ. "ಆ ಜನಕ್ಕೆ ಎಡ ಬಲ ತಿಳಿಯಲ್ಲ ಅಂದ್ರೆ ನಾನೇನು ಮಾಡ್ಲಿ?"

"ನೀವು ಬಾಯಿ ಮುಚ್ಚಿ," ಎಂದರು ಹಾಲಮ್ಮ. ಆ ಮಾತಿನಲ್ಲಿ ಮೂವತ್ತು ವರ್ಷದ ಸುಸ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ, "ಯಾರಪ್ಪಾ ನೀನು?" ಎಂದರು.

"ತಿಪ್ಪೇಶಿ ಅಂತ್ರಿ. ಸೌಭಾಗ್ಯ ಅವರ ಸೊಸೈಟೀಲೇ ಇರೋದು. ಅವರನ್ನ ಮದುವೆ ಆಗ್ಬೇಕು ಅಂತ... ನಿಮ್ಮನ್ನ ಕೇಳಾಕೆ ಬಂದೀನಿ." ಮಾತು ಕೊನೆಯವರೆಗೆ ಬಂತು.

"ಬೆಳಿಗ್ಗೆ ಬರಬೇಕಿತ್ತಂತಲ್ಲ? ಮಗಳು ಹೇಳಿದ್ಲು."

"ಮನೆ ಗೊತ್ತಿರ್ಲಿಲ್ರಿ. ಕೇಳ್ಕಂಡು ಕೇಳ್ಕಂಡು ಬಂದೆ."

ಹಾಲಮ್ಮ ಹುಬ್ಬೇರಿಸಿದರು. "ನನ್ನ ಮಗಳನ್ನ ಸುಖವಾಗಿ ಇಟ್ಕಂತೀಯಾ?"

ಇದಕ್ಕೆ ಹೂಂ ಎನ್ನಬೇಕೆಂದು ಹುಟ್ಟಿದ ಮಗುವಿಗೂ ಗೊತ್ತು. ತಿಪ್ಪೇಶಿ ಯೋಚನೆಗೆ ಬಿದ್ದ. ನಾನು ಸೆರಗು ಕಚ್ಚಿಕೊಂಡೆ.

"ಗೊತ್ತಿಲ್ರಿ," ಎಂದ. "ಮುಂಚೆ ಯಾವತ್ತೂ ಮದುವೆ ಆಗಿಲ್ಲ. ತಿಳೀದಿದ್ರೆ ಅವರನ್ನೇ ಕೇಳ್ತೀನಿ."

ಮುಗಿಯಿತು ಎಂದುಕೊಂಡೆ. ನಮ್ಮ ಮನೆಯವರು ಹಣೆ ಚಚ್ಚಿಕೊಂಡರು. ಹಾಲಮ್ಮ ಅವನನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಕೊನೆಗೆ ಒಳಗೆ ತಿರುಗಿ, "ಸೌಭಾಗ್ಯ, ಉಪ್ಪಿಟ್ಟು ಬಿಸಿ ಮಾಡೇ," ಎಂದರು. "ಗೊತ್ತಿಲ್ಲ ಅನ್ನೋ ಗಂಡಸು ಈ ಹೊಸಿಲು ತುಳಿದಿದ್ದು ಇವತ್ತೇ ಮೊದಲು."

ಸೌಭಾಗ್ಯ ತಟ್ಟೆ ಹಿಡಿದು ಬಂದಳು. "ಮೊನ್ನೆಯಿಂದ ನಮ್ಮಪ್ಪನ ಥರ ಆಡ್ತಿದ್ರಲ್ಲ, ರಾಣೆಬೆನ್ನೂರೇ ವಾಸಿ ಅಂತ ತೀರ್ಮಾನ ಮಾಡಿದ್ದೆ," ಎಂದಳು. ತಿಪ್ಪೇಶಿ ಉಪ್ಪಿಟ್ಟು ಬಾಯಿಗಿಟ್ಟು, ಉಪ್ಪು ಸ್ವಲ್ಪ ಕಮ್ಮಿ ಎಂದ. ಆ ಒಂದು ಅಭ್ಯಾಸ ಹಾಗೇ ಉಳಿದುಕೊಂಡಿದೆ.

ರಾಣೆಬೆನ್ನೂರಿನವರು ಸಂಜೆ ಫೋನು ಮಾಡಿದ್ದರು. ನಿಮ್ಮ ಮನೆ ಮುಂದೇ ಇದ್ದೀವಿ, ಬಾಗಿಲು ತೆಗೀರಿ ಎಂದರಂತೆ. ಹಿಂದೆ ಸಮುದ್ರದ ಅಲೆಗಳ ಸದ್ದು ಕೇಳುತ್ತಿತ್ತಂತೆ.

ಮದುವೆ ಮುಂದಿನ ತಿಂಗಳು. ಲಗ್ನಪತ್ರಿಕೆಯಲ್ಲಿ ಛತ್ರದ ದಾರಿಯ ನಕ್ಷೆ ತಾನೇ ಬರೆಯುತ್ತೇನೆ ಎಂದು ಬಕ್ಕಪ್ಪ ಹಟ ಹಿಡಿದಿದ್ದ, ನಮ್ಮ ಮನೆಯವರು ಅದಕ್ಕೊಂದು ಯಂತ್ರ ಮಾಡಿಕೊಡುತ್ತೇನೆ ಎಂದರು. ಹಾಲಮ್ಮನೂ ನಾನೂ ಕೂತು ಅಡಿಟಿಪ್ಪಣಿಯನ್ನು ಹೀಗೆ ಅಚ್ಚು ಹಾಕಿಸಿದೆವು: 'ಛತ್ರ ಗೊತ್ತಿಲ್ಲದವರು ಯಾರನ್ನಾದರೂ ಕೇಳಿಕೊಂಡು ಬರುವುದು, ವಧುವಿನ ತಂದೆ ಮತ್ತು ವರನ ಭಾವನನ್ನು ಹೊರತುಪಡಿಸಿ.'